ಉಪ್ಪಿನ ಹರಳು

ಉಪ್ಪು ಬೆಳೆಯುವ ಆಗರದ ಕೇರಿಯಲ್ಲಿ ಮಕ್ಕಳು ಗೊರಸಿನಂಥ ಅಂಗಾಲು ಹೊತ್ತೇ ಹುಟ್ಟುತ್ತಿದ್ದರು. ತಲೆಮಾರುಗಟ್ಟಲೆ ಉಪ್ಪು ತುಳಿದದ್ದು ಮೈಗೆ ಇಳಿದಿತ್ತು. ಶಾಲೆಯ ಬಾಗಿಲಲ್ಲಿ ಕಾಲು ನೋಡಿ, ಮೆತ್ತಗಿದ್ದವರನ್ನಷ್ಟೇ ಒಳಗೆ ಬಿಡುತ್ತಿದ್ದರು. ಆ ಕಾಲು ಗಟ್ಟಿಯಾದದ್ದು ಯಾರ ಊಟದ ಉಪ್ಪಿಗಾಗಿ ಎಂದು ಒಬ್ಬನೂ ಕೇಳುತ್ತಿರಲಿಲ್ಲ.

ಸುಕ್ರಿ ಬಸುರಾದಾಗಿನಿಂದ ಗಂಡ ಬೊಮ್ಮಯ್ಯ ಅವಳನ್ನು ಆಗರಕ್ಕೆ ಇಳಿಸಿರಲಿಲ್ಲ. ಅವಳ ಪಾಲಿನ ಉಪ್ಪನ್ನೂ ತಾನೇ ತುಳಿದಿದ್ದ. ಈಗ ಅವಳು ಸೀರೆಯ ಮರೆಯಾಚೆ ಹೆತ್ತು ಸೋತು ಮಲಗಿದ್ದಳು. ಈಚೆ ಸೂಲಗಿತ್ತಿ ಬೀರಮ್ಮಜ್ಜಿ ರೂಢಿಯಂತೆ ಕೂಸಿನ ಅಂಗಾಲಿಗೆ ಚೂಪಾದ ಉಪ್ಪಿನ ಹರಳು ಒತ್ತಿದಳು. ನೋವಾಗಿ ಅತ್ತರೆ ಮೆತ್ತನೆಯ ಕಾಲು.

ಕೂಸು ಆಕಳಿಸಿತು.

"ಇನ್ನೊಂಚೂರು ಒತ್ತೇ ಅಜ್ಜಿ," ಬೊಮ್ಮಯ್ಯ ಪಿಸುಗುಟ್ಟಿದ.

ಒತ್ತಿದಳು. ಹರಳೇ ಪುಡಿಯಾಯಿತು. "ನಮ್ಮದೇ ಕಾಲು ಮಾರಾಯಾ," ಎಂದು ಅಜ್ಜಿಯೂ ದನಿ ತಗ್ಗಿಸಿದಳು.

"ಎಂತ, ಇನ್ನೂ ಒತ್ತಲಿಲ್ವಾ?" ಮರೆಯಾಚೆಯಿಂದ ಸುಕ್ರಿ ಕೇಳಿದಳು.

ಬೊಮ್ಮಯ್ಯ ಕೂಸಿನ ತೊಡೆಯನ್ನು ಜೋರಾಗಿ ಚಿವುಟಿದ. ಅದು ಕೇರಿಗೆಲ್ಲ ಕೇಳುವಂತೆ ಚೀರಿತು. ಅಜ್ಜಿ ಮುಖ ತಿರುಗಿಸಿಕೊಂಡಳು.

"ಅತ್ತಿತು! ನನ್ನ ಕೂಸು ಅತ್ತಿತು!" ಸುಕ್ರಿ ನಗತೊಡಗಿದಳು. "ಹೋಯ್, ಪೇಟೆಯಿಂದ ಸಣ್ಣ ಚಪ್ಪಲಿ ತರಬೇಕು, ಕೇಳಿತಾ? ನಮ್ಮ ಕೇರಿಗೇ ಮೊದಲ ಚಪ್ಪಲಿ!"

ಬೊಮ್ಮಯ್ಯ ಆ ಅಂಗಾಲುಗಳನ್ನು ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿದ.

"ತರ್ತೆ," ಎಂದ.