ಸಮವಸ್ತ್ರ ಬರುವ ಮುನ್ನ

ಬೆಳಗಿನ ಆರು ಗಂಟೆಗೆ ಸರ್ಕಾರದ ಸ್ವಯಂಸೇವಕ ರೆಜಿಮೆಂಟು ಬಂಡುಕೋರರಿಗೆ ಸೋತು ಚೆದುರಿತು. ಅಂತರ್ಯುದ್ಧಕ್ಕೆಂದು ಊರೂರುಗಳಿಂದ ಬಂದು ಸೇರಿದ್ದ ಸಾವಿರ ಜನಕ್ಕೆ ಇನ್ನೂ ಸಮವಸ್ತ್ರ ಬಂದಿರಲಿಲ್ಲ. ಒಬ್ಬರ ಮುಖ ಒಬ್ಬರಿಗೆ ಸರಿಯಾಗಿ ಗೊತ್ತಿರಲಿಲ್ಲ. ಅವರಲ್ಲೊಬ್ಬ ಸಿಪಾಯಿ ಮಂಜಿನಲ್ಲಿ ದಾರಿ ತಪ್ಪಿ ಮುರುಕು ಗೋಡೆಯೊಂದರ ಹಿಂದೆ ಕೂತಿದ್ದ. ಗೋಡೆಯ ಆಚೆ ಯಾರೋ ಕೆಮ್ಮಿದರು.

“ಯಾರದು? ಯಾವ ಕಡೆಯವನು?” ಎಂದಿತು ಆಚೆಯ ದನಿ.

“ಮೊದಲು ನೀನು ಹೇಳು.”

“ನನ್ನ ಕೋವೀಲಿ ಗುಂಡಿದೆ, ನೋಡ್ಕೋ.”

“ನಂದೇನು ಊರುಗೋಲಾ?” ಎಂದ ಸಿಪಾಯಿ. ಅವನ ಕೋವಿ ಖಾಲಿಯಾಗಿತ್ತು.

ಸುತ್ತಲಿನ ಹೊಲಗಳೆಲ್ಲ ಈಗ ಬಂಡುಕೋರರ ವಶದಲ್ಲಿದ್ದವು. ಅವರಿಗೂ ಸಮವಸ್ತ್ರವಿರಲಿಲ್ಲ. ಅವನು ಅದನ್ನೇ ಯೋಚಿಸಿ, “ಬಂಡಾಯದವನು ಕಣಪ್ಪ,” ಎಂದ.

ಆಚೆಯವನು ನಿಟ್ಟುಸಿರು ಬಿಟ್ಟ. “ನಾನೂ ಅದೇ ಕಣಣ್ಣ. ಸುಮ್ಮನೆ ಒಂದು ಗುಂಡು ದಂಡ ಆಗ್ತಿತ್ತು.”

ಇಬ್ಬರೂ ಒಂದೇ ರೊಟ್ಟಿಯನ್ನು ಮುರಿದು ತಿಂದರು. ಇವನ ಕಣ್ಣು ತಪ್ಪಿಸಿ ಓಡುವುದು ಹೇಗೆಂದು ಸಿಪಾಯಿ ಯೋಚಿಸುತ್ತಿದ್ದಾಗಲೇ ಬಂಡುಕೋರರ ಗಸ್ತು ಬಂತು. ಬೇಟೆಗೆ ಬಂದವನೆಂದು ಹೇಳಿ ಜಾರಿಕೊಳ್ಳೋಣವೆಂದರೆ ಜೊತೆಗಾರನ ಎದುರು ಮಾತು ಬದಲಿಸುವಂತಿರಲಿಲ್ಲ.

“ನಿಮ್ಮವರೇ,” ಎಂದ. ಜೊತೆಗಾರನೂ ತಲೆಯಾಡಿಸಿದ.

ಮಧ್ಯಾಹ್ನ ಇಬ್ಬರಿಗೂ ಗುಂಡು ಕೊಟ್ಟು ಬಂಡುಕೋರರ ಮುಂದಿನ ಸಾಲಿನಲ್ಲಿ ನಿಲ್ಲಿಸಿದರು. ಎದುರಿನ ದಿಣ್ಣೆಯ ಮೇಲೆ ಸ್ವಯಂಸೇವಕ ರೆಜಿಮೆಂಟು ಮತ್ತೆ ಒಟ್ಟುಗೂಡಿ ಬಾವುಟ ಏರಿಸಿತ್ತು. ಸಿಪಾಯಿಗೆ ಕೋವಿ ಎತ್ತಲು ಕೈ ಬರಲಿಲ್ಲ. ಪಕ್ಕಕ್ಕೆ ನೋಡಿದ. ಜೊತೆಗಾರ ಕೋವಿಯನ್ನು ಆಗಲೇ ಕೆಳಗಿಟ್ಟಿದ್ದ.

“ತಪ್ಪು ತಿಳೀಬೇಡ ಅಣ್ಣ,” ಎಂದು ಪಿಸುಗುಟ್ಟಿದ. “ಬೆಳಿಗ್ಗೆ ಜೀವಭಯಕ್ಕೆ ಸುಳ್ಳು ಹೇಳಿದೆ. ಅದು ನನ್ನ ರೆಜಿಮೆಂಟು.”

“ನಂದೂ,” ಎಂದು ಸಿಪಾಯಿ ಹೇಳುವಷ್ಟರಲ್ಲಿ ರೆಜಿಮೆಂಟು ಗುಂಡು ಹಾರಿಸಿತು.