ದೇವರ ನೆತ್ತಿಯ ಮೇಲೆ

ಫ್ಲ್ಯಾಟು ನೋಡಲು ಬಂದ ಕನಕಲಕ್ಷ್ಮಿ ಅಡುಗೆಮನೆ ನೋಡಲಿಲ್ಲ, ಬಚ್ಚಲು ನೋಡಲಿಲ್ಲ. ಸೀದಾ ದೇವರಮನೆಗೆ ಹೋಗಿ, ಕತ್ತೆತ್ತಿ ಸೂರು ನೋಡುತ್ತಾ ನಿಂತುಬಿಟ್ಟರು. ಫ್ಲ್ಯಾಟು ಕಟ್ಟಿಸಿ ಮಾರುತ್ತಿದ್ದ ರವಿಚಂದ್ರನೂ ಗಾಬರಿಯಿಂದ ಕತ್ತೆತ್ತಿದ. ಎಲ್ಲಾದರೂ ಬಿರುಕು ಕಂಡಿತೇ ಈಯಮ್ಮನಿಗೆ?

“ಇದರ ಮೇಲೆ ಯಾರಿರ್ತಾರೆ?” ಎಂದು ಕೇಳಿದರು ಕನಕಲಕ್ಷ್ಮಿ.

“ಯಾರೂ ಇಲ್ಲ ಮೇಡಂ. ಇದೇ ಕೊನೇ ಮಹಡಿ. ಮ್ಯಾಲೆ ಬರೀ ಆಕಾಶ.”

ಅಷ್ಟೇ, ವ್ಯಾಪಾರ ಮುಗಿಯಿತು. ಬೇಸಿಗೆಯಲ್ಲಿ ತಾರಸಿ ಕಾದು ಮನೆಯೊಳಗೇ ಹಪ್ಪಳ ಸುಡಬಹುದು, ಕರೆಂಟು ಹೋದರೆ ಲಿಫ್ಟೂ ಹೋಗುತ್ತದೆ, ನಮ್ಮಿಬ್ಬರಿಗೂ ಮಂಡಿನೋವು ಎಂದು ಗಂಡ ಸಂಪತ್ ಕುಮಾರ ಗೊಣಗಿದ್ದೆಲ್ಲ ಗಾಳಿಗೆ ಹೋಯಿತು. ಭಾರತೀನಗರದ ಕಾಲೇಜಿನಲ್ಲಿ ಹುಡುಗರನ್ನು ಗದರಿಸಿ ಸಂಸ್ಕೃತ ಕಲಿಸಿದ ಮನುಷ್ಯ. ಮನೆಯಲ್ಲಿ ಅವರ ಮಾತು ನಡೆದದ್ದನ್ನು ಕಂಡವರಿಲ್ಲ. ಹಾಗೆಂದು ಕನಕಲಕ್ಷ್ಮಿಯ ಕಷ್ಟವೂ ಸಣ್ಣದಲ್ಲ. ಅತ್ತೆ ಸಾಯುವ ಮುಂಚೆ ಕೈಗಿತ್ತ ಬೆಣ್ಣೆಕೃಷ್ಣನನ್ನು ಹೊತ್ತು ಅವರು ಮಂಡ್ಯದ ಎಷ್ಟೋ ಬಾಡಿಗೆ ಮನೆ ಸುತ್ತಿದ್ದರು. ಕೊನೆಯ ಮನೆಯಲ್ಲಂತೂ ಕೃಷ್ಣನ ನೆತ್ತಿಗೆ ಸರಿಯಾಗಿ ಮಾಲೀಕರ ಬಚ್ಚಲು. ಕೆಳಗೆ ಇವನ ಅಭಿಷೇಕ ಶುರುವಾದರೆ ಮೇಲೆ ಅವರದೂ ಶುರು. ಆ ನೀರಿನ ಸದ್ದು ಕೇಳಿದಾಗಲೆಲ್ಲ ದೇವರಿಗೆ ಮುಖ ತೋರಿಸಲು ಕನಕಲಕ್ಷ್ಮಿಗೆ ನಾಚಿಕೆಯಾಗುತ್ತಿತ್ತು. ಕಣ್ಣು ಮುಚ್ಚುವುದರೊಳಗೆ ಕೃಷ್ಣನ ತಲೆಯ ಮೇಲೆ ಯಾರ ಕಾಲೂ ಇಲ್ಲದ ಜಾಗ ಮಾಡಿಕೊಡಬೇಕು, ಅದೊಂದೇ ಅವರ ಆಸೆ.

ಗೃಹಪ್ರವೇಶದ ತೋರಣ ಒಣಗುವುದರೊಳಗೆ ಆಕಾಶದಲ್ಲೂ ಜನ ಓಡಾಡುತ್ತಾರೆಂದು ಗೊತ್ತಾಯಿತು. ತಾರಸಿ ಎಲ್ಲ ಮನೆಯವರದ್ದೂ ಅಂತೆ. ಬಟ್ಟೆ ಒಣಹಾಕುವವರು, ಫೋನು ಕಿವಿಗಿಟ್ಟು ಶತಪಥ ಹಾಕುವವರು, ಒಬ್ಬರೇ ಇಬ್ಬರೇ! ಕನಕಲಕ್ಷ್ಮಿ ಅಳತೆ ಹಿಡಿದು, ದೇವರಮನೆಯ ಮೇಲಿನ ಜಾಗಕ್ಕೆ ಸೀಮೆಸುಣ್ಣದಲ್ಲಿ ಚೌಕ ಬರೆದು ಬಂದರು. ಸಂಜೆಗೆ ಮಕ್ಕಳು ಅದರೊಳಗೆ ಇನ್ನಷ್ಟು ಗೆರೆ ಎಳೆದುಕೊಂಡು ಕುಂಟೆಬಿಲ್ಲೆ ಆಡಿದರು. ಬಚ್ಚಲೇ ವಾಸಿಯಿತ್ತು, ಅಲ್ಲಿ ಯಾರೂ ಕುಣಿಯುತ್ತಿರಲಿಲ್ಲ. ಆ ದಿನ ಅವರು ಊಟ ಬಿಟ್ಟರು, ಈ ಮನೆ ಮಾರಿಬಿಡಿ ಎಂದು ಗಂಡನ ಮುಂದೆ ಅತ್ತರು. ಮಾರನೆಯ ದಿನ ರವಿಚಂದ್ರನನ್ನು ಕರೆಸಿ ಚೌಕದ ಸುತ್ತ ಗೇಣೆತ್ತರದ ಕಟ್ಟೆ ಕಟ್ಟಿಸಿದರು. ಎದ್ದು ಕಾಣಲಿ ಎಂದು ಕಟ್ಟೆಗೆ ಸುಣ್ಣ-ಕೆಮ್ಮಣ್ಣಿನ ಪಟ್ಟೆ ಬಳಿಸಿ, ನಡುವೆ ಒಂದು ತುಳಸಿ ಕುಂಡವನ್ನೂ ಇಡಿಸಿದರು.

ಮದ್ದು ನಾಟಿತು. ಒಬ್ಬರೂ ಒಳಗೆ ಕಾಲಿಡಲಿಲ್ಲ. ಕನಕಲಕ್ಷ್ಮಿ ಹೊಟ್ಟೆ ತುಂಬ ಉಂಡರು, ನಿದ್ದೆ ಮಾಡಿದರು. ಆಮೇಲೊಂದು ಶುಕ್ರವಾರ ಬೆಳಿಗ್ಗೆ ಕೃಷ್ಣನಿಗೆ ಹೂವೇರಿಸುತ್ತಿರುವಾಗ ಮೇಲಿನಿಂದ ದಬದಬ ಸದ್ದು ಕೇಳಿತು. ಒಂದೆರಡು ಕಾಲಲ್ಲ, ಒಂದು ದಂಡೇ ನಡೆದಂತಿತ್ತು. ಮಂಡಿನೋವನ್ನೂ ಮರೆತು ಮೆಟ್ಟಿಲು ಹತ್ತಿದರು.

ಮೇಲೆ ನೋಡಿದರೆ ನಾಲ್ಕೈದು ಹೆಂಗಸರು ಕಟ್ಟೆಗೆ ಪ್ರದಕ್ಷಿಣೆ ಹಾಕುತ್ತಿದ್ದಾರೆ. ತುಳಸಿಗೆ ಅರಿಶಿನದ ದಾರ, ಕಟ್ಟೆಗೆ ಕುಂಕುಮದ ಬೊಟ್ಟು ಬಿದ್ದಿವೆ. ಮುಂದಾಳು ದೇವಿರಮ್ಮ. ಕನಕಲಕ್ಷ್ಮಿಯ ಕೆಳಗಿನ ಮನೆಯವರು. ಊರು ಚಿಕ್ಕರಸಿನಕೆರೆಯಲ್ಲಿ ಒಮ್ಮೆ ಪಂಚಾಯ್ತಿ ಮೆಂಬರಾಗಿದ್ದವರು, ಫ್ಲ್ಯಾಟಿಗೆ ಬಂದ ಮೇಲೂ ಮೆಂಬರಾಗಿಯೇ ಇದ್ದವರು. ಅವರು ಕಟ್ಟೆ ದಾಟಿ ಒಳಗೇ ನಿಂತು ದೀಪ ಇಡುತ್ತಿದ್ದರು. ಕೃಷ್ಣನ ನೆತ್ತಿಗೆ ಸರಿಯಾಗಿ.

“ಚಪ್ಲಿ ಅಲ್ಲೇ ಬುಟ್ಟು ಬನ್ನಿ ಕಣಮ್ಮ,” ಎಂದರು ದೇವಿರಮ್ಮ.

ಕನಕಲಕ್ಷ್ಮಿಗೆ ಸಿಟ್ಟು ನೆತ್ತಿಗೇರಿತು. “ಇಲ್ಲಿ ಯಾವ ದೇವರೂ ಇಲ್ಲ ದೇವಿರಮ್ಮ. ದೇವರಿರೋದು ಕೆಳಗೆ, ನಮ್ಮನೇಲಿ. ಅದರ ತಲೆ ಮೇಲೆ ಯಾರೂ ಕಾಲಿಡಬಾರದು ಅಂತ ನಾನೇ ಕಟ್ಟಿಸಿದ್ದು ಇದು,” ಎಂದರು.

ದೇವಿರಮ್ಮ ತಟ್ಟನೆ ಕಟ್ಟೆಯಿಂದಾಚೆ ಬಂದು ಕೆನ್ನೆ ಕೆನ್ನೆ ಬಡಿದುಕೊಂಡರು. ತಪ್ಪಾಯ್ತು, ಗೊತ್ತಿಲ್ಲದೆ ತುಳಿದೆ ಎಂದು ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡರು. ಉಳಿದವರನ್ನೂ ಗದರಿಸಿ ಕೆಳಗೆ ಅಟ್ಟಿದರು. ಕನಕಲಕ್ಷ್ಮಿಯ ಸಿಟ್ಟು ಇಳಿಯಿತು. ಇಷ್ಟು ಒಳ್ಳೆಯ ಹೆಂಗಸಿನ ಮೇಲೆ ರೇಗಿದೆನಲ್ಲಾ ಎಂದು ಬೇಸರವೂ ಆಯಿತು.

“ನೀವು ತಿಳೀದೆ ಮಾಡಿದ್ದು, ಬಿಡಿ. ದೇವರು ಏನೂ ಅಂದ್ಕೊಳಲ್ಲ.”

“ಅದ್ಯಾಕಂದ್ಕೊತದೆ ಬುಡಿ,” ಎಂದರು ದೇವಿರಮ್ಮ, ಸೆರಗು ಕೊಡವಿಕೊಳ್ಳುತ್ತಾ. “ನಮ್ಮೂರ ದ್ಯಾವ್ರು ಪಟ್ಟಲದಮ್ಮನ ಗೂಡು ನಿಮ್ಮ ದ್ಯಾವ್ರಮನೆ ಕೆಳೀಕೇ ಅಲ್ವಾ ಇರೋದು? ದಿನಾ ಬೆಳಿಗ್ಗೆ ನೀವು ಮಣೆ ಎಳ್ಕೊಂಡು ಕುಂತ್ಕೊಳ್ಳೋ ಸದ್ದು ಕೇಳುಸ್ತದೆ. ಮ್ಯಾಲ್ಮನೆ ಅಮ್ಮೋರು ಪೂಜೆಗೆ ಕುಂತ್ರು ಅಂತ ಆವಾಗ್ಲೇ ನಾನೂ ದೀಪ ಅಚ್ಚೋದು. ನಮ್ಮವ್ವ ಒಂದಿನಾನೂ ಏನೂ ಅಂದಿಲ್ಲ.”

ಅಷ್ಟು ಹೇಳಿ, ಒಣಗಿದ ಬಟ್ಟೆ ಎತ್ತಿಕೊಂಡು ಅವರು ಇಳಿದುಹೋದರು.

ಮಾರನೆಯ ಬೆಳಿಗ್ಗೆ ಹೂವಿನ ತಟ್ಟೆ ಹಿಡಿದು ದೇವರಮನೆಗೆ ಬಂದ ಕನಕಲಕ್ಷ್ಮಿ, ಹೊಸ್ತಿಲಾಚೆ ಇಡಲು ಎತ್ತಿದ ಕಾಲನ್ನು ಹಾಗೇ ತಡೆದು ನಿಂತರು. ಯಾಕೆ ಕನಕ, ಮಂಡಿನೋವೇ ಎಂದು ಸಂಪತ್ ಕುಮಾರ ಕೇಳಿದಾಗಲೂ ಅವರ ಕಣ್ಣು ಮಣೆಯ ಕೆಳಗಿನ ನೆಲದ ಮೇಲೇ ಇತ್ತು. ಕೆಳಗಿನ ಮನೆಯಲ್ಲಿ ದೇವಿರಮ್ಮ ಬೆಂಕಿಕಡ್ಡಿ ಕೈಯಲ್ಲಿ ಹಿಡಿದು, ಇವತ್ಯಾಕೋ ಮಣೆಯ ಸದ್ದೇ ಇಲ್ಲವಲ್ಲ ಎಂದು ಸೂರು ನೋಡುತ್ತಾ ಕಾಯುತ್ತಿದ್ದರು.