ಮೊಂಡು ಅಂಚು

"ನಿಮ್ ಕೈ ನೋಯದಿರ್ಲಿ ಫರ್ಶಾದ್ ಆಗಾ," ಎನ್ನುತ್ತಾ ರೋಶನಕ್ ತನ್ನ ಸ್ನೋಬೋರ್ಡ್ ಕೋಚ್‌ನ ಕೈಯಿಂದ ಚಹಾದ ಲೋಟ ತೆಗೆದುಕೊಂಡಳು. ಯಾರು ಏನು ಕೊಟ್ಟರೂ ಥ್ಯಾಂಕ್ಸ್ ಅನ್ನುವಂತೆ ಆಡುವ ಮಾತು. ಬಾಯಿ ತಾನಾಗಿ ಆಡಿತ್ತು. ಅಷ್ಟರಲ್ಲಿ ಧ್ವನಿವರ್ಧಕ ಗೊರಗುಟ್ಟಿತು. ಜಿಗಿಯುವ ದಿಬ್ಬ ಬಿರುಕು ಬಿಟ್ಟಿದೆ. ಪಾರ್ಕು ಮುಚ್ಚಿದೆ. ಆಯ್ಕೆಗೆ ಪಾರ್ಕಿನ ಜಿಗಿತದ ಕಸರತ್ತಿನ ಬದಲು ಬೆಟ್ಟದ ತುದಿಯಿಂದ ಬುಡದವರೆಗೆ ಬೋರ್ಡಿನ ಓಟ.

ಲೋಟ ಹಿಮದ ಮೇಲೆ ಬಿತ್ತು. ಕೈಜಾರಿ ಬಿದ್ದದ್ದಲ್ಲ, ಅವಳೇ ಬಿಸಾಡಿದ್ದು.

"ಯಾವ ತಲೆಕೆಟ್ಟೋನ ತೀರ್ಮಾನ ಇದು?"

"ದಿಬ್ಬದ್ದು. ಹೋಗಿ ಅದರ ಜೊತೆ ಜಗಳ ಆಡು," ಎಂದ ಫರ್ಶಾದ್. "ಅದಿರ್ಲಿ, ಹೆಬ್ಬೆರಳಿಗೇನಾಯ್ತು?"

"ಬೋರ್ಡಿನ ಪಟ್ಟಿ ಕಚ್ತು."

ಅವಳು ಬ್ಯಾಂಡೇಜಿನ ಮೇಲೆ ಕೈಗವಸು ಎಳೆದುಕೊಂಡಳು. ಅವಳ ಕಣ್ಣು ಸ್ವಂತ ಬೋರ್ಡಿನ ಮೇಲಿರಲಿಲ್ಲ. ಪಕ್ಕದಲ್ಲೇ ಹಿಮಕ್ಕೆ ಚುಚ್ಚಿ ನಿಲ್ಲಿಸಿದ್ದ ಮಹ್ರುಖ್‌ಳ ಬೋರ್ಡನ್ನು ಅದು ಸುಡುತ್ತಿತ್ತು.

ಟರ್ಕಿಗೆ ಹೋಗುವ ತಂಡದಲ್ಲಿ ಹೆಣ್ಣುಮಕ್ಕಳಿಗೆ ಇದ್ದದ್ದು ಒಂದೇ ಜಾಗ. ಮುಂದಿನ ಚಳಿಗಾಲಕ್ಕೆ ರೋಶನಕ್‌ಳ ವಯಸ್ಸು ಮೀರುತ್ತಿತ್ತು. ದೀಝಿನ್ ಪಾರ್ಕಿನಲ್ಲಿ ಅವಳನ್ನು ಮೀರಿಸುವವರು ಇರಲಿಲ್ಲ, ಮಹ್ರುಖ್ ಬರುವವರೆಗೆ. ಬಂದವಳು ಬೇರೆ ಕ್ಲಬ್ಬಿನವಳು, ಬಿದ್ದರೂ ನಗುವವಳು. ಆ ನಗು ಕಂಡರೆ ರೋಶನಕ್‌ಗೆ ಮೈಯೆಲ್ಲ ಉರಿಯುತ್ತಿತ್ತು.

ಓಟಕ್ಕೆಂದು ಬೇರೆ ಬೋರ್ಡು ತಂದವರು ಯಾರೂ ಇಲ್ಲ. ಎಲ್ಲರಲ್ಲೂ ಇದ್ದದ್ದು ಪಾರ್ಕಿನದೇ: ಗಿಡ್ಡ, ಮೆತು, ಹಿಂದೆ ಮುಂದೆ ಒಂದೇ ಆಕಾರ. ಅದರ ಉಕ್ಕಿನ ಅಂಚನ್ನು ಅರದಿಂದ ಉಜ್ಜಿ ಮೊಂಡು ಮಾಡಿರುತ್ತಾರೆ. ಹರಿತವಾಗಿದ್ದರೆ ಪಾರ್ಕಿನ ಕಬ್ಬಿಣದ ಕಂಬಿಯ ಮೇಲೆ ಜಾರುವಾಗ ಅಂಚು ಕಚ್ಚಿಕೊಂಡು ಸವಾರನನ್ನು ಮುಖ ಅಡಿಯಾಗಿ ಎಸೆಯುತ್ತದೆ. ಹೊಸಬರಿಗೆ ಫರ್ಶಾದ್ ಹೇಳಿಕೊಡುವ ಮೊದಲ ಪಾಠವೇ ಅದು. ಆದರೆ ಹೆಪ್ಪುಗಟ್ಟಿದ ಬೆಟ್ಟದ ಮೇಲೆ ಅದೇ ಮೊಂಡು ಅಂಚು ಎಣ್ಣೆ ಚೆಲ್ಲಿದ ನೆಲದಲ್ಲಿ ಸವೆದ ಚಪ್ಪಲಿ.

"ಮುಖ ಯಾಕೆ ಊದಿಸ್ಕೊಂಡಿದ್ದೀಯ? ಎಲ್ರಿಗೂ ಅದೇ ಕಷ್ಟ," ಎಂದ ಫರ್ಶಾದ್.

"ಎಲ್ರಿಗೂ!" ರೋಶನಕ್ ಉಗಿದಂತೆ ಹೇಳಿ ಹೊರಟಳು.

ತಂತಿಯ ಮೇಲೆ ಬೆಟ್ಟ ಏರುವ ತೂಗುಪೆಟ್ಟಿಗೆಯಲ್ಲಿ ಮಹ್ರುಖ್ ಎದುರಿಗೇ ಕುಳಿತಳು. ಜೇಬಿನಿಂದ ಹುಳಿ ಹಣ್ಣಿನ ಹಾಳೆ, ಲವಾಶಕ್, ತೆಗೆದು ಹರಿದು ಅರ್ಧ ಚಾಚಿದಳು.

"ತಿನ್ನು ರೋಶನಕ್ ಜಾನ್. ಆ ಕಂಬಿ ನೆನೆಸ್ಕೊಂಡು ನಂಗೆ ನಿದ್ದೇನೇ ಬಂದಿರ್ಲಿಲ್ಲ ಕಣೇ. ಪಾರ್ಕು ಮುಚ್ಚಿದ್ದು ಒಳ್ಳೇದೇ ಆಯ್ತು."

"ಹೌದು. ನಿಂಗೆ ಒಳ್ಳೇದೇ ಆಯ್ತು."

ಲವಾಶಕ್ ಅವಳು ಮುಟ್ಟಲಿಲ್ಲ.

ಬಾವುಟ ಕೆಳಗಿಳಿಯಿತು. ಇಬ್ಬರೂ ಒಟ್ಟಿಗೇ ಹೊರಟರು. ನಿನ್ನೆಯ ಬಿಸಿಲಿಗೆ ಕರಗಿದ ಹಿಮ ರಾತ್ರಿ ಗಾಜಾಗಿತ್ತು. ಮೊದಲ ತಿರುವಿನಲ್ಲೇ ರೋಶನಕ್‌ಳ ಬೋರ್ಡು ಅಡ್ಡಡ್ಡ ಜಾರಿತು. ಪಕ್ಕದಲ್ಲಿ ಚರ್ ಎಂದು ಸದ್ದಾಯಿತು. ಮಹ್ರುಖ್ ತಿರುಗಿದಲ್ಲಿ ಹಿಮದ ಮೇಲೆ ತೆಳ್ಳಗೆ ಒಂದು ಗೀರು ಉಳಿದಿತ್ತು. ಆ ಗೀರನ್ನು ಕಂಡದ್ದೇ ರೋಶನಕ್ ಬೋರ್ಡಿನ ಮೂತಿಯನ್ನು ನೇರ ಕೆಳಕ್ಕೆ ತಿರುಗಿಸಿದಳು.

ನಡುವಿನ ಉಬ್ಬುತಗ್ಗು ಅವಳ ಕೈಹಿಡಿಯಿತು. ಮೆತು ಬೋರ್ಡು ಪ್ರತಿ ಉಬ್ಬಿಗೂ ಬಾಗಿ ಎದ್ದಿತು. ಒಂದರ ಮೇಲಿಂದ ಹಾರಿ, ಗಾಳಿಯಲ್ಲೇ ತಿರುಗಿ, ಬಾಲವನ್ನೇ ತಲೆ ಮಾಡಿಕೊಂಡು ಇಳಿದಳು. ಮಹ್ರುಖ್ ಹಿಂದೆ ಉಳಿದಳು. ನೆರಳಿನ ಕಣಿವೆಯ ಪುಡಿಹಿಮದಲ್ಲಿ ರೋಶನಕ್‌ಳ ಬೋರ್ಡಿನ ಗಿಡ್ಡ ಮೂತಿ ಮುಳುಗತೊಡಗಿತು. ಹಿಂಗಾಲಿಗೆ ಭಾರ ಹಾಕಿ ಹಾಕಿ ತೊಡೆ ಬೆಂದಿತು. ಹಲ್ಲು ಕಚ್ಚಿ ದಾಟಿದಳು. ಆಗಲೂ ಮುಂದಿದ್ದವಳು ಅವಳೇ.

ಉಳಿದದ್ದು ಕೊನೆಯ ಕಡಿದಾದ ಇಳಿಜಾರು. ಮತ್ತೆ ಗಾಜು. ವೇಗಕ್ಕೆ ಬೋರ್ಡು ಕಾಲಡಿಯಲ್ಲಿ ಗಡಗಡ ನಡುಗಿತು. ಅವಳು ವಾಲಿದಳು, ಅಂಚು ಕೈಕೊಟ್ಟಿತು. ಸೊಂಟದ ಮೇಲೆ ಬಿದ್ದು ಜಾರುತ್ತಿದ್ದವಳ ಪಕ್ಕದಲ್ಲೇ ಆ ಚರ್ ಸದ್ದು ದಾಟಿ ಹೋಯಿತು.

ಕೆಳಗೆ ಜನ ಮಹ್ರುಖ್‌ಳನ್ನು ಎತ್ತಿ ಕುಣಿಸುತ್ತಿದ್ದರು. ಫರ್ಶಾದ್ ಮಾತ್ರ ಅವಳ ಬೋರ್ಡಿನ ಮುಂದೆ ಕುಕ್ಕರಗಾಲಲ್ಲಿ ಕುಳಿತು ಅಂಚಿಗೆ ಉಗುರು ಒತ್ತಿ ಎಳೆದ. ಉಗುರಿನ ಪುಡಿ ಉದುರಿತು. ಎದ್ದು ಬಂದ ರೋಶನಕ್‌ಳತ್ತ ತಿರುಗಿದ.

"ಚಾಕು! ಪಾರ್ಕಿನ ಬೋರ್ಡನ್ನ ಯಾರಾದ್ರೂ ಹಿಂಗೆ ಮಸೀತಾರಾ? ಓಟ ಅಂತ ಮೊದಲೇ ಸುಳಿವು ಸಿಕ್ಕಿದೆ ಇವಳಿಗೆ. ದೂರು ಕೊಡೋಣ, ನಡಿ. ಬೋರ್ಡು ಇಡೋ ಕೋಣೆ ಬಾಗಿಲಲ್ಲಿ ಕ್ಯಾಮೆರಾ ಇದೆ. ತೆಗೆಸಿ ನೋಡಿದ್ರೆ ಬಂಡವಾಳ ಬಯಲಾಗುತ್ತೆ."

"ಬೇಡ ಆಗಾ."

"ಬೇಡ್ವಾ? ಬೆಳಿಗ್ಗೆಯಿಂದ ಕೆಂಡ ಕಾರ್ತಿದ್ದೋಳು ಈಗ ಸಾಧ್ವಿ ಆಗ್ಬಿಟ್ಯಾ? ನಿನ್ ಜಾಗ ಕಣೇ ಅದು!"

"ಬೇಡ ಅಂದ್ನಲ್ಲ! ಸೋತೆ, ಮುಗೀತು. ಬಿಟ್ಬಿಡಿ!"

ಅವಳ ಕೂಗಿಗೆ ಸುತ್ತಲಿನವರು ತಿರುಗಿದರು. ಎಂಥ ದೊಡ್ಡ ಮನಸ್ಸು ಎಂದು ಯಾರೋ ಅಂದರು. ಅದನ್ನು ಕೇಳಿ ಅವಳಿಗೆ ಇನ್ನಷ್ಟು ಸಿಟ್ಟು ಬಂತು.

ಮಹ್ರುಖ್ ಓಡಿ ಬಂದಳು. ಕಣ್ಣು ತುಂಬಿತ್ತು.

"ಆಣೆಗೂ ನಂಗೆ ಗೊತ್ತಿಲ್ಲ ರೋಶನಕ್ ಜಾನ್. ನಿನ್ನೆ ಮಧ್ಯಾಹ್ನ ಕೋಣೇಲಿ ಇಟ್ಟಾಗ ಮೊಂಡಾಗೇ ಇತ್ತು. ಇವತ್ತು ಮೊದಲ ತಿರುವಲ್ಲಿ ನಾನೇ ಬೆಚ್ಚಿಬಿದ್ದೆ. ನೀನು ನನ್ನ ನಂಬ್ತೀಯಲ್ವಾ?"

"ನಂಬ್ತೀನಿ," ಎಂದಳು ರೋಶನಕ್. ಆ ದಿನ ಅವಳು ಆಡಿದ ಮಾತುಗಳಲ್ಲಿ ಅದು ಪೂರಾ ನಿಜ.

ಮಹ್ರುಖ್ ಅವಳ ಬಲಗೈಯನ್ನು ಎರಡೂ ಕೈಗಳಲ್ಲಿ ಹಿಡಿದು ಗಟ್ಟಿಯಾಗಿ ಅದುಮಿದಳು.

"ಯಾರು ಮಸೆದ್ರೋ ದೇವರಿಗೇ ಗೊತ್ತು ಕಣೇ. ಯಾರೇ ಆಗ್ಲಿ, ಅವರ ಕೈ ನೋಯದಿರ್ಲಿ."

ನೋಯುತ್ತಿತ್ತು: ಮಹ್ರುಖ್ ಕಂಬಿಯ ಮೇಲೆ ಮುಖ ಅಡಿಯಾಗಿ ಬೀಳಲೆಂದು ನಿನ್ನೆ ಸಂಜೆ ರೋಶನಕ್ ಅವಳ ಬೋರ್ಡಿನ ಅಂಚು ಮಸೆಯುವಾಗ, ಅರ ಜಾರಿ ಕೊಯ್ದ ಹೆಬ್ಬೆರಳು ಅದು.